ಸವಕಳಿ ಯಂತ್ರಕ್ಕೆ ಮಾತ್ರವೇ? – ರಾಷ್ಟ್ರೀಯ ನವೀಕರಣ ನಿಧಿ: ಒಂದು ವಿಮರ್ಶೆ

ಬೆಂಗಳೂರಿನ ಹಳೆಯ ಮದ್ರಾಸು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಸ್ಥಳಕ್ಕೆ ಟಿನ್ ಫ್ಯಾಕ್ಟರಿ ಎಂದು ಹೆಸರು. ಇಂದು ಅಲ್ಲಿ ಇಳಿದು ಹೋಗುವ ಬಹುಮಂದಿಗೆ ಅದು ಬಸ್ಸು ನಿಲ್ದಾಣದ ಹೆಸರು ಮಾತ್ರ. ಆದರೆ ನಗರದ ಈ ಪೂರ್ವಭಾಗವು ಒಂದು ಕಾಲಕ್ಕೆ ಕಾರ್ಖಾನೆಗಳಿಂದಲೇ ಗುರುತಿಸಿಕೊಳ್ಳುತ್ತಿತ್ತೆಂಬುದಕ್ಕೆ ಆ ಹೆಸರೇ ಸಾಕ್ಷಿ. ಅಲ್ಲಿಂದ ಪಶ್ಚಿಮಕ್ಕೆ, ಬೈಯಪ್ಪನಹಳ್ಳಿಯಲ್ಲಿ, ಜರ್ಮನಿಯ ಎಇಜಿ ಸಂಸ್ಥೆಯ ಸಹಯೋಗದಿಂದ ಬೆಳೆದ ರಾಜ್ಯ ಸರ್ಕಾರದ ಎನ್‌ಜಿಇಎಫ್ ಕಾರ್ಖಾನೆ ಇತ್ತು; ಅದು 2002ರಲ್ಲಿ ಮುಚ್ಚಿತು. ಪೂರ್ವಕ್ಕೆ, ದೂರವಾಣಿನಗರದಲ್ಲಿ, 1948ರಲ್ಲಿ ಸ್ಥಾಪಿತವಾದ ಕೇಂದ್ರ ಸರ್ಕಾರದ ಐಟಿಐ ಇಂದಿಗೂ ಇದೆ. ಆದರೆ ಅಲ್ಲಿ ದುಡಿಯುವವರ ಸಂಖ್ಯೆ ಹಿಂದಿನದರ ಒಂದು ಅಲ್ಪಾಂಶವಾಗಿದೆ.

1991ರ ಜುಲೈ 24ರಂದು ಪ್ರಕಟವಾದ ನೂತನ ಕೈಗಾರಿಕಾ ನೀತಿಯಿಂದ ಇಂತಹ ಕಾರ್ಖಾನೆಗಳ ಮೇಲೆ ಸ್ಪರ್ಧೆಯ ಒತ್ತಡ ಬೀಳುವುದೆಂಬುದನ್ನು ಕೇಂದ್ರ ಸರ್ಕಾರ ಅರಿಯದೆ ಇರಲಿಲ್ಲ. ಆದುದರಿಂದಲೇ 1992ರ ಫೆಬ್ರವರಿಯಲ್ಲಿ ರಾಷ್ಟ್ರೀಯ ನವೀಕರಣ ನಿಧಿಯನ್ನು ಸ್ಥಾಪಿಸಿತು. ಕೆಲಸ ಕಳೆದುಕೊಂಡವರಿಗೆ ಪರಿಹಾರ, ಹೊಸ ಕಸುಬಿನ ತರಬೇತಿ, ಬೇರೆಡೆ ಉದ್ಯೋಗ ಇವು ಆ ನಿಧಿಯ ಘೋಷಿತ ಉದ್ದೇಶಗಳು. ಉದ್ದೇಶ ಶ್ಲಾಘ್ಯವೇ. ಆದರೆ ಹಣದ ಬಹುಭಾಗವು ಸರ್ಕಾರಿ ಉದ್ಯಮಗಳ ಸ್ವಯಂನಿವೃತ್ತಿ ಪರಿಹಾರಕ್ಕೇ ವ್ಯಯವಾಯಿತು. ತರಬೇತಿಗೆ ಮತ್ತು ಮರು ಉದ್ಯೋಗಕ್ಕೆ ದೊರೆತದ್ದು ಅತ್ಯಲ್ಪ. 2000ದಲ್ಲಿ ನಿಧಿಯನ್ನೇ ರದ್ದುಗೊಳಿಸಲಾಯಿತು.

ವರ್ತಕನ ದೃಷ್ಟಿಯಿಂದ ಈ ಲೆಕ್ಕವನ್ನು ಪರಿಶೀಲಿಸೋಣ. ಕಾರ್ಮಿಕನು ಹೊರಗೆ ಹೋದಾಗ ಉದ್ಯಮದ ಸಂಬಳದ ಖರ್ಚು ಇಳಿಯಿತು. ಅದು ಉದ್ಯಮದ ಲಾಭ. ಅವನನ್ನು ಕಳುಹಿಸುವ ವೆಚ್ಚವನ್ನು ನವೀಕರಣ ನಿಧಿ ಭರಿಸಿತು. ಹಾಗಾದರೆ ನವೀಕರಣಗೊಂಡದ್ದು ಯಾವುದು? ಉದ್ಯಮದ ಜಮಾಖರ್ಚೇ ಹೊರತು ಕಾರ್ಮಿಕನ ಜೀವನವಲ್ಲ. ನಲವತ್ತೈದರ ವಯಸ್ಸಿನಲ್ಲಿ ಕೈಗೆ ಬಂದ ಒಂದು ಮೊತ್ತವು ಮಗಳ ಮದುವೆಗೋ ಹಳೆಯ ಸಾಲಕ್ಕೋ ಸಂದುಹೋದ ಮೇಲೆ, ನಿವೃತ್ತಿಯ ವಯಸ್ಸಿಗೆ ಇನ್ನೂ ಹದಿಮೂರು ಹದಿನೈದು ವರ್ಷಗಳು ಉಳಿದಿರುತ್ತವೆ. ಆ ವರ್ಷಗಳ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ.

ವಾಣಿಜ್ಯಶಾಸ್ತ್ರದ ಪ್ರಥಮ ಪಾಠಗಳಲ್ಲಿಯೇ ಸವಕಳಿಯ ವಿಷಯ ಬರುತ್ತದೆ. ಯಂತ್ರವು ಕಾಲಕ್ರಮದಲ್ಲಿ ಸವೆಯುತ್ತದೆ, ಹೊಸ ಯಂತ್ರ ಬಂದೊಡನೆ ಹಳತಾಗುತ್ತದೆ. ಅದಕ್ಕಾಗಿ ಪ್ರತಿವರ್ಷವೂ ಆದಾಯದಿಂದ ಒಂದು ಪಾಲನ್ನು ಕಳೆದ ಮೇಲೆಯೇ ಲಾಭವನ್ನು ಎಣಿಸಬೇಕು. ಐಟಿಐನಲ್ಲಿ ಸ್ಟ್ರೌಜರ್ ಮತ್ತು ಕ್ರಾಸ್‌ಬಾರ್ ವಿನಿಮಯ ಕೇಂದ್ರಗಳ ಬಿಡಿಭಾಗಗಳನ್ನು ಜೋಡಿಸುತ್ತಿದ್ದ ಕೈಗಳ ಕೌಶಲವೂ ಇಲೆಕ್ಟ್ರಾನಿಕ್ ಉಪಕರಣಗಳು ಬಂದೊಡನೆ ಹಳತಾಯಿತು. ಯಂತ್ರದ ಸವಕಳಿಯನ್ನು ವರ್ಷವರ್ಷವೂ ಬರೆದಿಟ್ಟ ಲೆಕ್ಕದ ಪುಸ್ತಕದಲ್ಲಿ ಕೌಶಲದ ಸವಕಳಿಗೆ ಒಂದು ಕಲಮೂ ಇರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಪೇಟೆ ತೆರೆದುದರಿಂದಲ್ಲವೇ ದೂರವಾಣಿಗಾಗಿ ವರ್ಷಗಟ್ಟಲೆ ಕಾಯುವ ಕಷ್ಟ ತಪ್ಪಿದ್ದು? ನಿಜ. ಆದರೆ ಆ ಲಾಭ ಕೋಟ್ಯಂತರ ಜನರ ಖಾತೆಗೆ ಸ್ವಲ್ಪ ಸ್ವಲ್ಪವಾಗಿ ಜಮೆಯಾಯಿತು. ನಷ್ಟ ಮಾತ್ರ ಕೆಲವು ಸಾವಿರ ಮನೆಗಳ ಖಾತೆಗೆ ಇಡಿಯಾಗಿ ಬಿತ್ತು. ಲಾಭ ಪಡೆದ ಎಲ್ಲರೂ ತೆರಿಗೆಯ ಮೂಲಕ ಆ ನಷ್ಟದಲ್ಲಿ ಪಾಲುಗೊಳ್ಳಬೇಕೆಂಬುದೇ ಸಾರ್ವಜನಿಕ ನಿಧಿಯ ನ್ಯಾಯ.

ಎರಡನೆಯ ಆಕ್ಷೇಪ ಇನ್ನೂ ಗಹನವಾದುದು. ಕೆಲಸ ಹೋದದ್ದು ಜಾಗತೀಕರಣದಿಂದಲೋ, ಹೊಸ ಯಂತ್ರದಿಂದಲೋ, ಆಡಳಿತದ ದೋಷದಿಂದಲೋ ಎಂದು ವಿಂಗಡಿಸುವುದು ಹೇಗೆ? ಅಮೆರಿಕವು 1962ರಲ್ಲಿ ವಿದೇಶಿ ವ್ಯಾಪಾರದಿಂದ ಕೆಲಸ ಕಳೆದುಕೊಂಡವರಿಗೆಂದೇ ಒಂದು ನೆರವಿನ ಯೋಜನೆಯನ್ನು ಆರಂಭಿಸಿ, ಕಾರಣವನ್ನು ರುಜುವಾತುಪಡಿಸುವ ನಿಬಂಧನೆ ಹಾಕಿತು. 2022ರ ಜುಲೈನಿಂದ ಹೊಸ ಅರ್ಜಿಗಳನ್ನು ಮಾನ್ಯಮಾಡುವುದೇ ನಿಂತಿತು. ಯೂರೋಪು 2007ರಿಂದ ಇಂತಹುದೇ ನಿಧಿಯನ್ನು ನಡೆಸಿ, 2021ರಲ್ಲಿ ಕಾರಣದ ನಿಬಂಧನೆಯನ್ನು ಸಡಿಲಿಸಿ, ಭಾರೀ ಪ್ರಮಾಣದ ಉದ್ಯೋಗ ನಷ್ಟಕ್ಕೆ ಕಾರಣ ಯಾವುದೇ ಇದ್ದರೂ ನೆರವು ಸಲ್ಲುವಂತೆ ಮಾಡಿತು. ಈ ಎರಡನೆಯ ಮಾರ್ಗವೇ ವಿವೇಕದ್ದು. ಹಸಿದವನನ್ನು ಹಸಿವಿನ ಕಾರಣ ಕೇಳಿ ಅನ್ನವಿಕ್ಕುವ ಪದ್ಧತಿ ನಮ್ಮಲ್ಲಿಲ್ಲ.

ನೆರವಿನ ವ್ಯಾಪ್ತಿಯ ದೋಷ ಇನ್ನೂ ದೊಡ್ಡದು. ನವೀಕರಣ ನಿಧಿಯ ನಂತರ 2001ರಲ್ಲಿ ಬಂದ ಸಲಹೆ, ಮರುತರಬೇತಿ ಮತ್ತು ಮರುನಿಯೋಜನೆಯ ಯೋಜನೆಯು ಕೇಂದ್ರ ಸರ್ಕಾರದ ಉದ್ಯಮಗಳಿಗೆ ಸೀಮಿತವಾಗಿತ್ತು. ರಾಜ್ಯದ ಉದ್ಯಮವಾದ ಎನ್‌ಜಿಇಎಫ್‌ನ ಕಾರ್ಮಿಕನಿಗೆ ಅದರ ಬಾಗಿಲು ತೆರೆದಿರಲಿಲ್ಲ. ಮಹದೇವಪುರದಲ್ಲಿ ಐಟಿಐಗಾಗಿಯೇ ಒಂದು ಪೂರಕ ಕೈಗಾರಿಕಾ ವಸಾಹತು ರೂಪುಗೊಂಡಿತ್ತು. ದೊಡ್ಡ ಕಾರ್ಖಾನೆಯ ಬೇಡಿಕೆ ಕುಗ್ಗಿದರೆ ಇಂತಹ ಸಣ್ಣ ಘಟಕಗಳ ಲೇತ್ ಯಂತ್ರಗಳೂ ನಿಲ್ಲುತ್ತವೆ. ಅಲ್ಲಿ ದುಡಿಯುವವನಿಗೆ ಸ್ವಯಂನಿವೃತ್ತಿಯೆಂಬ ಮಾತೇ ಇಲ್ಲ. ನಾಳೆಯಿಂದ ಬರಬೇಡವೆಂಬುದೇ ಅವನ ನಿವೃತ್ತಿಪತ್ರ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮರುಕೌಶಲ ನಿಧಿಯೊಂದಿದೆ. ಉದ್ಯೋಗ ಕಡಿತಕ್ಕೊಳಗಾದ ಪ್ರತಿ ಕಾರ್ಮಿಕನಿಗಾಗಿ ಮಾಲೀಕನು ಹದಿನೈದು ದಿನದ ವೇತನವನ್ನು ಕಟ್ಟಬೇಕು. ಅದು 45 ದಿನಗಳೊಳಗೆ ಕಾರ್ಮಿಕನ ಖಾತೆಗೆ ಸೇರಬೇಕು. ತತ್ತ್ವತಃ ಇದು ಸ್ವಾಗತಾರ್ಹ. ಕೌಶಲವೂ ಸವೆಯುತ್ತದೆಂದು ಕಾನೂನು ಕೊನೆಗಾದರೂ ಒಪ್ಪಿತು. ಆದರೆ ಹದಿನೈದು ದಿನದ ಕೂಲಿಯಿಂದ ಕಲಿಯಬಹುದಾದ ಕಸುಬು ಯಾವುದು? ಇದಲ್ಲದೆ ಸ್ವಯಂನಿವೃತ್ತಿ ಪಡೆದವನೂ, ಗುತ್ತಿಗೆಯ ಅವಧಿ ಮುಗಿದು ಹೊರಬಿದ್ದವನೂ ಕಾನೂನಿನ ಅರ್ಥದಲ್ಲಿ ಉದ್ಯೋಗ ಕಡಿತಕ್ಕೊಳಗಾದವರಲ್ಲ. ಹೀಗಿರುವಲ್ಲಿ ನೆರವು ಅತ್ಯವಶ್ಯಕವಾದವರೇ ನಿಧಿಯ ಹೊರಗೆ ಉಳಿಯುತ್ತಾರೆ.

ಇದು ದಾನದ ಪ್ರಶ್ನೆಯೋ ಋಣದ ಪ್ರಶ್ನೆಯೋ ಎಂಬುದನ್ನು ನಾವು ಸ್ಪಷ್ಟಪಡಿಸಿಕೊಳ್ಳಬೇಕು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧವನ್ನೂ ಎಣಿಸಿದೆ. ನಮ್ಮನ್ನು ನಂಬಿ ದುಡಿದ ಜೀವಿಯ ಅನ್ನವನ್ನು ತಡೆಯುವುದು ದಯೆಯ ಕೊರತೆಯಷ್ಟೇ ಅಲ್ಲ, ವ್ರತಕ್ಕೇ ತಗಲುವ ದೋಷ. ದಾನವನ್ನು ಕೊಡುವವನು ತನ್ನ ಶಕ್ತಿಗೆ ತಕ್ಕಂತೆ ಅಳೆಯಬಹುದು. ಋಣವನ್ನು ಪಡೆಯಬೇಕಾದವನ ಹಕ್ಕಿನಿಂದಲೇ ಅಳೆಯಬೇಕು. ನವೀಕರಣ ನಿಧಿಯ ಮೂಲದೋಷ ಇದೇ: ತೀರಿಸಬೇಕಾದ ಋಣವನ್ನು ಅದು ಬೀಳ್ಕೊಡುಗೆಯನ್ನಾಗಿ ಮಾಡಿತು. ಎಷ್ಟು ಹಣ ಹಂಚಲಾಯಿತೆಂಬುದರ ಬದಲು ಎಷ್ಟು ಮಂದಿ ಮತ್ತೆ ದುಡಿಮೆಗೆ ಹತ್ತಿದರೆಂಬುದೇ ಇಂತಹ ನಿಧಿಯ ಪರೀಕ್ಷೆಯಾಗಬೇಕು.

ಸರ್ಕಾರವನ್ನು ವಿಮರ್ಶಿಸಿ ಸುಮ್ಮನಾಗುವುದು ಸುಲಭ. ನಮ್ಮ ಸಮಾಜದಲ್ಲಿ ಅನೇಕರು ಸ್ವತಃ ಮಾಲೀಕರು. ಹತ್ತಾರು ಮಂದಿ ನಮ್ಮ ಅಂಗಡಿ, ಗೋದಾಮು, ಘಟಕಗಳಲ್ಲಿ ದುಡಿಯುತ್ತಾರೆ. ಬಾರದ ಬಾಕಿಗೆ ಮೀಸಲು ತೆಗೆದಿಡುವ ನಾವು ಅವರ ಕೌಶಲದ ಸವಕಳಿಗೂ ಪ್ರತಿವರ್ಷ ಒಂದು ಮೊತ್ತವನ್ನು ಮೀಸಲಿಡಲು ಯಾವ ಕಾನೂನಿಗಾಗಿಯೂ ಕಾಯಬೇಕಾಗಿಲ್ಲ. ಬಸದಿಯ ಟ್ರಸ್ಟುಗಳು ತಮ್ಮ ವಿದ್ಯಾರ್ಥಿವೇತನದ ಒಂದು ಪಾಲನ್ನು, ಕೆಲಸ ಕಳೆದುಕೊಂಡ ನಡುವಯಸ್ಸಿನವರ ತರಬೇತಿಗೆ, ಅವರು ಯಾವ ಮತದವರೆಂದು ಕೇಳದೆ, ವಿನಿಯೋಗಿಸಬಹುದು. ಮುಂದಿನ ಆಯವ್ಯಯ ಪಟ್ಟಿಯನ್ನು ಸಿದ್ಧಪಡಿಸುವಾಗ ಟ್ರಸ್ಟಿಗಳು ಈ ಒಂದು ಕಲಮನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ವಿನಂತಿ.