ಚುಕ್ಕಿಯ ಜೊತೆ ನಡೆಯುವುದು: ಅಪಲೇಚಿಯನ್ ಟ್ರೇಲನ್ನು ಮನೆಯಲ್ಲಿ ಕೂತು ನೋಡುವವರಿಗೆ

ಮನೆಯ ಮಗಳೋ ಮಗನೋ ಐದಾರು ತಿಂಗಳು ಕಾಡಿನಲ್ಲಿ ನಡೆಯುತ್ತೇನೆಂದು ಹೊರಟರೆ, ಉಳಿದವರು ಆ ಕಾಲವನ್ನೆಲ್ಲ ಫೋನ್ ಹಿಡಿದುಕೊಂಡೇ ಕಳೆಯುತ್ತಾರೆ. ಕರೆ ಬಂದ ದಿನ ಸಮಾಧಾನ, ಬಾರದ ದಿನ ಹರಕೆ. ಇಷ್ಟು ದೊಡ್ಡ ನಡಿಗೆ ಮನೆಯವರ ಪಾಲಿಗೆ ಬರೀ ದಿಗಿಲಾಗಿ ಮುಗಿದುಹೋಗುವುದು ನನಗೆ ನಿಜಕ್ಕೂ ನಷ್ಟ ಅನಿಸುತ್ತದೆ. ಸುದ್ದಿಗೆ ಕಾಯುವುದನ್ನು ಕಡಿಮೆ ಮಾಡಿ ನೆಲವನ್ನು ಓದುವುದನ್ನು ಕಲಿತರೆ, ಮೈಸೂರಿನ ಜಗುಲಿಯಲ್ಲಿ ಕೂತೇ ಆ ನಡಿಗೆಯನ್ನು ಸವಿಯಬಹುದು.

ಮೊದಲು ಹಾದಿಯ ಪರಿಚಯ. ಅಪಲೇಚಿಯನ್ ಟ್ರೇಲ್ ಅಮೆರಿಕದ ಪೂರ್ವದ ಬೆಟ್ಟಸಾಲಿನ ಮೇಲೆ ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್ ಶಿಖರದವರೆಗೆ ಹದಿನಾಲ್ಕು ರಾಜ್ಯಗಳನ್ನು ಹಾಯುತ್ತದೆ. ಉದ್ದ ಸುಮಾರು 3,500 ಕಿಲೋಮೀಟರ್. ಬೆಂಗಳೂರಿನಿಂದ ದೆಹಲಿಗೆ ನಡೆದುಹೋಗಿ, ವಾಪಸ್ ಅರ್ಧ ದಾರಿಗಿಂತ ಹೆಚ್ಚು ಬಂದಷ್ಟು. ಬೆಂಟನ್ ಮೆಕೈ 1921ರಲ್ಲಿ ಇದರ ಕನಸು ಮುಂದಿಟ್ಟರು. 1937ರಲ್ಲಿ ಹಾದಿ ಕೂಡಿಕೊಂಡಿತು. ಎತ್ತರ ಕೇಳಿ ಮೋಸಹೋಗಬೇಡಿ. ಇಡೀ ಹಾದಿಯ ಅತಿ ಎತ್ತರದ ತಾಣ ಕುವೋಹಿ, 2,025 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ನೂರು ಮೀಟರಿನಷ್ಟು ಹೆಚ್ಚು, ಅಷ್ಟೇ. ಕಷ್ಟವಿರುವುದು ಹತ್ತಿ ಇಳಿದು, ಮತ್ತೆ ಹತ್ತಿ ಇಳಿಯುವುದರಲ್ಲಿ. ಆ ಏರುಗಳನ್ನೆಲ್ಲ ಕೂಡಿಸಿದರೆ ಸಮುದ್ರಮಟ್ಟದಿಂದ ಎವರೆಸ್ಟನ್ನು ಹದಿನಾರು ಸಲ ಹತ್ತಿದಷ್ಟಾಗುತ್ತದೆ ಎಂದು ಲೆಕ್ಕ ಹಾಕಿದ್ದಾರೆ.

ಈಗ ಚುಕ್ಕಿ. ಇಂದು ನಡೆಯುವವರಲ್ಲಿ ಬಹಳಷ್ಟು ಮಂದಿ ಬ್ಯಾಗಿನ ಪಟ್ಟಿಗೆ ಅಂಗೈಗಿಂತ ಚಿಕ್ಕದಾದ ಉಪಗ್ರಹ ಯಂತ್ರವೊಂದನ್ನು ಸಿಕ್ಕಿಸಿಕೊಳ್ಳುತ್ತಾರೆ. ಗಾರ್ಮಿನ್ ಇನ್‌ರೀಚ್ ಅಂಥದೊಂದು. ಮೊಬೈಲ್ ಸಿಗ್ನಲ್ ಇಲ್ಲದ ಕಣಿವೆಯಿಂದಲೂ ಅದು ಆಗಾಗ ತಾನಿರುವ ಜಾಗವನ್ನು ಕಳಿಸುತ್ತದೆ; ನಮ್ಮ ಪರದೆಯ ನಕ್ಷೆಯ ಮೇಲೆ ಚುಕ್ಕಿಗಳು ಬೀಳುತ್ತವೆ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಅವರು ಬೆಳಿಗ್ಗೆ ಆರೂವರೆಗೆ ಟೆಂಟ್ ಮಡಚುವಾಗ ನಮಗೆ ಸಂಜೆ ನಾಲ್ಕು, ಕಾಫಿ ಹೊತ್ತು. ಅವರು ರಾತ್ರಿ ಎಂಟಕ್ಕೆ ಮಲಗಿದರೆ ನಮಗೆ ಬೆಳಗಿನ ಜಾವ ಐದೂವರೆ. ಹಾಗಾಗಿ ಹಗಲೆಲ್ಲ ನಕ್ಷೆ ನೋಡುತ್ತಾ ಕೂರಬೇಡಿ. ಕದಲಿದ್ದನ್ನು ಸಂಜೆ ಕಾಫಿಯ ಜೊತೆ ನೋಡಿ, ತಂಗಿದ್ದನ್ನು ಎದ್ದ ಮೇಲೆ ನೋಡಿ. ಎರಡು ನೋಟ ಸಾಕು.

ಚುಕ್ಕಿ ಸುಳ್ಳು ಹೇಳುವುದೂ ಉಂಟು. ಎಲೆ ದಟ್ಟವಾದ ಕಾಡಿನಲ್ಲಿ ಆಕಾಶ ಸರಿಯಾಗಿ ಸಿಗದೆ ಅದು ಹೊಳೆಯ ನಡುವೆ ಬೀಳುತ್ತದೆ, ಹಿಂದಕ್ಕೆ ಹಾರುತ್ತದೆ. ಗಾಬರಿ ಬೇಡ, ಮುಂದಿನ ನಾಲ್ಕು ಚುಕ್ಕಿ ಬೀಳಲಿ. ಹಾದಿ ಬಿಟ್ಟು ಡಾಂಬರು ರಸ್ತೆಯ ಮೇಲೆ ಸರಸರ ಓಡಿದರೆ ಯಾರೋ ಪುಣ್ಯಾತ್ಮರು ಕಾರಿನಲ್ಲಿ ಊರಿಗೆ ಕರೆದೊಯ್ಯುತ್ತಿದ್ದಾರೆ ಎಂದರ್ಥ: ಇವತ್ತು ಸ್ನಾನ, ಬಟ್ಟೆ ಒಗೆಯುವುದು, ನಾಲ್ಕೈದು ದಿನದ ದಿನಸಿ. ಇಡೀ ದಿನ ಊರಲ್ಲೇ ನಿಂತರೆ ಅದು ಅವರ ಮಾತಿನಲ್ಲಿ ಝೀರೋ ಡೇ.

ನಕ್ಷೆಯಲ್ಲಿ ಎತ್ತರ ತೋರಿಸುವ ಗೆರೆಗಳಿರುತ್ತವೆ, ಅವನ್ನು ಓದಲು ಕಲಿಯಿರಿ. ರಸಿಕತೆ ಶುರುವಾಗುವುದೇ ಅಲ್ಲಿ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದು, ದೂರ ದೂರವಿದ್ದರೆ ಬಯಲು. ನನ್ನ ತಂಗಿಯ ಮಗಳು ವರ್ಜೀನಿಯಾದಲ್ಲಿದ್ದಾಗ, ದಿನಾ ಸಂಜೆ ನಾಲ್ಕಕ್ಕೆ ಕದಲುತ್ತಿದ್ದ ಚುಕ್ಕಿ ಒಂದು ದಿನ ಮಧ್ಯಾಹ್ನ ಎರಡಕ್ಕೇ ಹೊರಟಿತು. ಅಲ್ಲಿಗೆ ಇನ್ನೂ ಕತ್ತಲು, ಬೆಳಗಿನ ನಾಲ್ಕೂವರೆ. ತಂಗಿ ಕಂಗಾಲಾಗಿ ಫೋನ್ ಮಾಡಿದಳು. ಇಬ್ಬರೂ ನಕ್ಷೆ ತೆರೆದು ನೋಡುತ್ತಾ ಕೂತೆವು. ಚುಕ್ಕಿ ನಿಧಾನವಾಗಿ ಏರಿ, ಗೆರೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡ ಕಡೆ ಹೋಗಿ ನಿಂತಿತು. ಮೆಕಾಫೀ ನಾಬ್: ಕಣಿವೆಯ ಮೇಲೆ ನಾಲಗೆಯಂತೆ ಚಾಚಿದ ಬಂಡೆ. ಅಲ್ಲಿ ಸೂರ್ಯ ಹುಟ್ಟುವುದು ಆರರ ಸುಮಾರಿಗೆ. ಚುಕ್ಕಿ ಆ ಹೊತ್ತು ದಾಟುವವರೆಗೂ ಕದಲಲಿಲ್ಲ. ನನ್ನ ತಂಗಿ ಮೆಲ್ಲಗೆ, ‘ಅಕ್ಕಾ, ಅವಳು ಬೆಳಗಾಗೋದು ನೋಡ್ತಿದಾಳೆ ಕಣೇ’ ಅಂದಳು. ಡೇಲ್‌ವಿಲ್ ಊರು ತಲುಪಿದ ಮೇಲೆ ಹುಡುಗಿ ಫೋಟೊ ಕಳಿಸಿದಳು. ನಾವು ಅದನ್ನು ಆಗಲೇ ನೋಡಿಯಾಗಿತ್ತು.

ದಿನಕ್ಕೆ ಎಷ್ಟು ಕಿಲೋಮೀಟರ್ ಎಂದು ಕೇಳುವ ಚಟ ಬಿಡಿ. ವಿಲಂಬಿತ ಖಯಾಲ್ ಕೇಳುವಾಗ ತಾರ ಷಡ್ಜ ಯಾವಾಗ ಬರುತ್ತದೆಂದು ಯಾರೂ ಗಡಿಯಾರ ನೋಡುವುದಿಲ್ಲ. ಜಾರ್ಜಿಯಾದಲ್ಲಿ ಕಾಲು ಪಳಗಿರುವುದಿಲ್ಲ, ನಡಿಗೆ ನಿಧಾನ. ವರ್ಜೀನಿಯಾದಲ್ಲಿ, ಒಂದೇ ರಾಜ್ಯದಲ್ಲಿ ಸುಮಾರು 880 ಕಿಲೋಮೀಟರ್, ದಿನಕ್ಕೆ ಮೂವತ್ತು ಕಿಲೋಮೀಟರ್ ದಾಟಿಬಿಡಬಹುದು. ಪೆನ್ಸಿಲ್ವೇನಿಯಾದ ಚೂಪುಗಲ್ಲುಗಳು ಶೂ ಹರಿಯುತ್ತವೆ. ನ್ಯೂ ಹ್ಯಾಂಪ್‌ಶೈರಿನ ವೈಟ್ ಮೌಂಟನ್ಸ್‌ಗೆ ಬಂದರೆ ಗಟ್ಟಿಕಾಲಿನವರ ವೇಗವೂ ಅರ್ಧಕ್ಕಿಳಿಯುತ್ತದೆ. ‘ಯಾಕೋ ಸೋತುಹೋಗಿದಾಳೆ’ ಎಂದು ಮನೆಯವರು ಮರುಗುವುದು ಇಲ್ಲೇ. ಆದರೆ ಅದು ಮರಗಳೂ ಬೆಳೆಯದ ಬೋಳು ಶಿಖರಗಳ ಸಾಲು. ಅಲ್ಲಿನ ಮೌಂಟ್ ವಾಷಿಂಗ್ಟನ್ ಮೇಲೆ 1934ರಲ್ಲಿ ಗಾಳಿ ಗಂಟೆಗೆ 372 ಕಿಲೋಮೀಟರ್ ಬೀಸಿದ್ದು ದಾಖಲಾಗಿದೆ. ಅಂಥ ಕಡೆ ದಿನಕ್ಕೆ ಹದಿನೈದು ಕಿಲೋಮೀಟರ್ ನಡೆದರೆ ಭೇಷ್ ಅನ್ನಬೇಕು.

ಮೌನವನ್ನು ಓದುವುದು ಇನ್ನೂ ಸೂಕ್ಷ್ಮ. ಎರಡು ಮೂರು ದಿನ ಮಾತಿಲ್ಲದಿರುವುದು ಈ ಹಾದಿಯಲ್ಲಿ ಸಹಜ. ಹಾಗೆಂದು ಎಲ್ಲ ಮೌನವೂ ಒಂದೇ ಅಲ್ಲ. 2013ರಲ್ಲಿ ಮೇನ್‌ನಲ್ಲಿ ಹಿರಿಯ ಮಹಿಳೆಯೊಬ್ಬರು ಹಾದಿಯಿಂದ ತುಸು ಪಕ್ಕಕ್ಕೆ ಸರಿದವರು ಮತ್ತೆ ಹಾದಿ ಕಾಣಲಿಲ್ಲ. ಗಂಡನಿಗೆ ಅವರು ಬರೆದ ಸಂದೇಶಗಳು ಸಿಗ್ನಲ್ ಸಿಗದೆ ಹೋಗಲೇ ಇಲ್ಲ. ಅವರ ದೇಹ ಸಿಕ್ಕಿದ್ದು 2015ರಲ್ಲಿ. ಆದ್ದರಿಂದ ಹೊರಡುವ ಮೊದಲೇ ಕೂತು ಮಾತಾಡಿ: ಪ್ರತಿ ರಾತ್ರಿ ಯಂತ್ರದಿಂದ ‘ಇಲ್ಲಿ ತಂಗಿದ್ದೇನೆ’ ಎಂಬ ಒಂದು ಸಂದೇಶ, ಅದು ಎಷ್ಟು ರಾತ್ರಿ ತಪ್ಪಿದರೆ ನಾವು ಯಾರಿಗೆ ಫೋನ್ ಮಾಡಬೇಕು ಎಂಬುದು ಕಾಗದದ ಮೇಲೆ. ಇಷ್ಟು ಗಟ್ಟಿಯಾದರೆ ಮಿಕ್ಕ ಮೌನವನ್ನು ನೆಮ್ಮದಿಯಿಂದ ಅನುಭವಿಸಬಹುದು.

ಏನಾದರೂ ಕಳಿಸಬೇಕೆಂದು ಅಮ್ಮಂದಿರ ಕೈ ತುರಿಸುತ್ತದೆ. ಅಮೆರಿಕದಲ್ಲೇ ಇರುವ ನೆಂಟರ ಮೂಲಕ ಹಾದಿಬದಿಯ ಊರಿನ ಅಂಚೆ ಕಚೇರಿಗೆ ‘ಜನರಲ್ ಡೆಲಿವರಿ’ ಎಂದು ಬರೆಸಿ ಕಳಿಸಬಹುದು. ಹಾದಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಅಡ್ಡಹೆಸರು ಅಂಟಿಕೊಳ್ಳುತ್ತದೆ. ಡಬ್ಬದ ಮೇಲೆ ಅದು ಬೇಡ, ಗುರುತಿನ ಚೀಟಿಯಲ್ಲಿರುವ ಹೆಸರೇ ಇರಲಿ. ಭಾನುವಾರ ಅಂಚೆ ಕಚೇರಿ ಮುಚ್ಚಿರುತ್ತದೆ, ಶನಿವಾರವೂ ಬೇಗ ಬಾಗಿಲು ಹಾಕುತ್ತದೆ. ನಿಮ್ಮ ಡಬ್ಬಕ್ಕಾಗಿ ಅವರು ಸೋಮವಾರದವರೆಗೆ ಕಾಯುವಂತಾಗಬಾರದು. ಚಟ್ನಿಪುಡಿ, ಹುರಿದ ಅವಲಕ್ಕಿ, ಹುಳಿಯನ್ನದ ಒಣ ಗೊಜ್ಜು ಒಳ್ಳೆಯದು. ಗಾಜಿನ ಬಾಟಲಿಯ ಉಪ್ಪಿನಕಾಯಿ ಖಂಡಿತ ಬೇಡ, ಅದನ್ನು ಹೊರುವುದು ಮಗುವಿನ ಭುಜ.

ಇದೇ ಹಾದಿಯಲ್ಲಿ 1955ರಲ್ಲಿ ಒಹಾಯೋದ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿ ನಡೆದರು. ವಯಸ್ಸು 67, ಹನ್ನೊಂದು ಮಕ್ಕಳ ತಾಯಿ. ಮಕ್ಕಳಿಗೆ ಹೇಳಿದ್ದು ಸ್ವಲ್ಪ ಅಡ್ಡಾಡಿ ಬರುತ್ತೇನೆಂದು ಮಾತ್ರ. ಕ್ಯಾನ್ವಾಸ್ ಶೂ, ತಾನೇ ಹೊಲಿದ ಚೀಲ, ಮಳೆಗೆ ಬಚ್ಚಲುಮನೆಯ ಪರದೆ. ಹಾದಿಯನ್ನು ಒಂದೇ ಋತುವಿನಲ್ಲಿ ಒಬ್ಬರೇ ಪೂರೈಸಿದ ಮೊದಲ ಮಹಿಳೆ ಅವರು. ಅವರ ಮಕ್ಕಳಿಗೆ ಚುಕ್ಕಿಯೂ ಇರಲಿಲ್ಲ, ನಕ್ಷೆಯೂ ಇರಲಿಲ್ಲ. ನಮಗೆ ಸಿಕ್ಕಿರುವುದು ಎಷ್ಟೊಂದು!

ಪೂರ್ತಿ ನಡೆಯಲೆಂದು ಹೊರಟವರಲ್ಲಿ ಕಟಾಡಿನ್ ಮುಟ್ಟುವವರು ನಾಲ್ವರಲ್ಲಿ ಒಬ್ಬರಷ್ಟೇ. ಮಂಡಿ ನೋವಿಂದಲೋ, ಹಣ ಸಾಲದೆಯೋ, ಮನಸ್ಸು ಸಾಕೆಂದಿದ್ದಕ್ಕೋ ನಿಮ್ಮವರು ವರ್ಜೀನಿಯಾದ ಡಮಾಸ್ಕಸ್ ಊರಲ್ಲೇ ನಿಲ್ಲಿಸಿದರೆ, ಅಷ್ಟು ಹೊತ್ತಿಗೆ ಅವರು 750 ಕಿಲೋಮೀಟರ್ ನಡೆದಿರುತ್ತಾರೆ. ಅದನ್ನು ಅಷ್ಟೇ ಗೌರವದಿಂದ ನೋಡಬಲ್ಲವರೇ ರಸಿಕರು.

ಕೊನೆಯವರೆಗೂ ಹೋದರೆ, ಅಕ್ಟೋಬರ್ ನಡುವಿನೊಳಗೆ ಮೇಲೇರಬೇಕು. ಆಮೇಲೆ ಕಟಾಡಿನ್‌ನಲ್ಲಿ ಚಳಿಗಾಲದ ಬಾಗಿಲು ಬೀಳುತ್ತದೆ. ಶಿಖರದ ಮೇಲೆ ಚುಕ್ಕಿ ನಿಂತಾಗ ಫೋನ್ ಮಾಡಬೇಡಿ. ಅದೇ ಕಡಿದಾದ ಬಂಡೆಗಳನ್ನು ಹಿಡಿದು ಅವರಿನ್ನೂ ಕೆಳಗಿಳಿಯಬೇಕಿರುತ್ತದೆ. ಮನೆಗೆ ಬಂದ ಮೇಲೆ ಕೆಲವು ವಾರ ಅವರಿಗೆ ಎರಡಾಳಿನ ಹಸಿವು. ಅಕ್ಕಿ ಹೆಚ್ಚೇ ನೆನೆಹಾಕಿ. ಪಾದ ಅಗಲಗೊಂಡು ಹಳೆಯ ಚಪ್ಪಲಿ ಹಿಡಿಸದಿರಬಹುದು, ಒಂದು ಸೈಜ್ ದೊಡ್ಡದನ್ನು ಕೊಂಡಿಡಿ. ಅವರು ಮಾತಾಡುವ ಮನಸ್ಸಾದ ದಿನ, ಮೊದಲು ನಕ್ಷೆ ಹರಡಿ.