ಪಾರ್ಸೆಲ್ ಆಗದ ರುಚಿ

ಶುಕ್ರವಾರ ಸಂಜೆಯಾದರೆ ಬೆಂಗಳೂರಿನ ಕಚೇರಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಚರ್ಚೆ: ನಾಳೆ ಬೆಳಿಗ್ಗೆ ತಿಂಡಿಗೆ ಎಲ್ಲಿಗೆ? ಒಬ್ಬರು ಬಿಡದಿಯ ತಟ್ಟೆ ಇಡ್ಲಿ ಎನ್ನುತ್ತಾರೆ, ಇನ್ನೊಬ್ಬರಿಗೆ ಹೊಸಕೋಟೆಯ ಬಿರಿಯಾನಿಯೇ ಆಗಬೇಕು. ಹುರುಪು ಜಾಸ್ತಿಯಿದ್ದವರು ನೇರ ದಾವಣಗೆರೆಗೇ ಹೊರಟುಬಿಡೋಣ ಎನ್ನುತ್ತಾರೆ. ಕೊನೆಗೆ ಗೆಲ್ಲುವುದು ಆ ವಾರ ರೀಲ್ಸ್‌ನಲ್ಲಿ ಹೆಚ್ಚು ಓಡಿದ ಹೋಟೆಲ್, ಇಲ್ಲವೇ ಕಾರಿನ ಕೀಲಿ ಯಾರ ಕೈಯಲ್ಲಿದೆಯೋ ಅವರ ಇಷ್ಟ. ಎರಡೂ ಕೆಟ್ಟ ಮಾನದಂಡಗಳೇ. ತಿನ್ನುವುದಕ್ಕೆಂದೇ ಗೆಳೆಯರೊಂದಿಗೆ ರಸ್ತೆಗಿಳಿಯುವುದಾದರೆ ಊರನ್ನು ಆರಿಸಲು ಇವೆರಡಕ್ಕಿಂತ ಗಟ್ಟಿಯಾದ ಪರೀಕ್ಷೆಯೊಂದಿದೆ. ಆ ತಿನಿಸನ್ನು ಪೊಟ್ಟಣ ಕಟ್ಟಿಸಿ, ಎರಡು ಗಂಟೆ ಬಿಟ್ಟು ಮನೆಯಲ್ಲಿ ಬಿಚ್ಚಿದರೆ ಅದು ಅದೇ ತಿನಿಸಾಗಿ ಉಳಿದಿರುತ್ತದೆಯೇ? ಉಳಿದಿದ್ದರೆ ಅದಕ್ಕಾಗಿ ಹೊರಡುವುದು ಬೇಡ, ತರಿಸಿಕೊಂಡರಾಯಿತು. ಉಳಿಯದಿದ್ದರೆ ನಾವೇ ಹೋಗಬೇಕು. ಈ ಒಂದು ಪ್ರಶ್ನೆ ಕೇಳಿಕೊಂಡರೆ ಎಲ್ಲಿಗೆ ಹೋಗಬೇಕು ಎನ್ನುವುದಷ್ಟೇ ಅಲ್ಲ, ಎಷ್ಟು ಜನ ಹೋಗಬೇಕು, ಯಾವ ಹೊತ್ತಿಗೆ ತಲುಪಬೇಕು ಎನ್ನುವುದೂ ತೀರ್ಮಾನವಾಗಿಬಿಡುತ್ತದೆ.

ಬೆಂಗಳೂರು–ಮೈಸೂರು ದಾರಿಯಲ್ಲೇ ಇದಕ್ಕೆ ಎರಡು ತುದಿಗಳ ಉದಾಹರಣೆ ಇದೆ. ಮದ್ದೂರು ವಡೆ ಹುಟ್ಟಿದ್ದೇ ಪ್ರಯಾಣಕ್ಕಾಗಿ. 1917ರ ಸುಮಾರಿಗೆ ಮದ್ದೂರು ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುದ್ಯ ಅವರು, ರೈಲು ಬರುವ ಹೊತ್ತಾಗಿ ಪಕೋಡ ಕರಿಯಲು ಸಮಯ ಸಾಲದೆ, ಇದ್ದಬದ್ದ ಹಿಟ್ಟುಗಳನ್ನು ಕಲಸಿ ತಟ್ಟಿ ಎಣ್ಣೆಗೆ ಬಿಟ್ಟರು ಎಂಬುದು ಎಲ್ಲೆಡೆ ಹೇಳುವ ಕಥೆ. ಕಥೆಯ ವಿವರ ಹೇಗಿದ್ದರೂ ವಡೆಯ ರಚನೆ ಅದಕ್ಕೆ ಹೊಂದುತ್ತದೆ. ರವೆ, ಮೈದಾ, ಅಕ್ಕಿ ಹಿಟ್ಟು, ಈರುಳ್ಳಿ, ಕರಿಬೇವು, ಹಸಿಮೆಣಸು ಇಷ್ಟೇ. ಉದ್ದಿನವಡೆಯ ಹಾಗೆ ರುಬ್ಬುವ, ಉಬ್ಬಿಸುವ ಗೋಜಿಲ್ಲ. ತೆಳ್ಳಗೆ ತಟ್ಟಿ ಹದವಾದ ಉರಿಯಲ್ಲಿ ಕರಿಯುವುದರಿಂದ ಒಳಗಿನ ನೀರಿನಂಶ ಬಹುಪಾಲು ಆರಿಹೋಗುತ್ತದೆ. ಹಾಗಾಗಿಯೇ ಕಾಗದದಲ್ಲಿ ಸುತ್ತಿ ಕಿಟಕಿಯೊಳಗೆ ಕೊಟ್ಟದ್ದು ಮೈಸೂರು ತಲುಪಿದರೂ ಗರಿಗರಿಯಾಗಿರುತ್ತದೆ, ಮರುದಿನಕ್ಕೂ ಸಲ್ಲುತ್ತದೆ. ಅದೇ ದಾರಿಯ ಬಿಡದಿ ತಟ್ಟೆ ಇಡ್ಲಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಅಗಲ ತಟ್ಟೆಯಲ್ಲಿ ಹಬೆಗೆ ಬೆಂದು, ಮೇಲೆ ಬೆಣ್ಣೆ ಕರಗುತ್ತಿರುವಾಗಲೇ ಅದನ್ನು ಮುರಿಯಬೇಕು. ಬೆಂದ ಪಿಷ್ಟ ತಣ್ಣಗಾದಂತೆ ಮತ್ತೆ ಬಿಗಿಯತೊಡಗುತ್ತದೆ. ಮೆತ್ತಗಿದ್ದದ್ದು ಮೊದಲು ರಬ್ಬರಿನಂತೆ, ಆಮೇಲೆ ಒಣಗಿ ಪುಡಿಪುಡಿ. ಡಬ್ಬಿಯಲ್ಲಿ ಹಾಕಿ ಮುಚ್ಚಿದರೆ ಹಬೆಯೇ ನೀರಾಗಿ ಇಳಿದು ತಳ ಒದ್ದೆ. ಮದ್ದೂರಿನಲ್ಲಿ ಇಳಿದು ವಡೆ ಕಟ್ಟಿಸಿಕೊಂಡು ಹೊರಟವರು ಕಳೆದುಕೊಳ್ಳುವುದು ಕಡಿಮೆ. ಬಿಡದಿಯಲ್ಲಿ ಇಳಿದವರು ಕೂರಲೇಬೇಕು.

ಈ ಗೆರೆಯನ್ನು ರಾಜ್ಯದ ಉದ್ದಗಲಕ್ಕೂ ಎಳೆಯಬಹುದು. ಧಾರವಾಡದ ಪೇಡೆ, ಬೆಳಗಾವಿಯ ಕುಂದಾ, ಗೋಕಾಕದ ಕರದಂಟು, ಮೈಸೂರು ಪಾಕ್, ಮೇಲುಕೋಟೆಯ ಪುಳಿಯೋಗರೆ: ಇವೆಲ್ಲ ಪ್ರಯಾಣ ತಾಳುವ ಜಾತಿ. ಖೋವಾವನ್ನು ಕಂದು ಬಣ್ಣ ಬರುವ ತನಕ ಹುರಿಯುವುದು, ಅಂಟಿನಲ್ಲಿ, ಬೆಲ್ಲದಲ್ಲಿ ಬಿಗಿಯುವುದು, ಹುಣಸೆಯ ಗೊಜ್ಜಿನಲ್ಲಿ ಅನ್ನ ಕಲಸುವುದು, ಇವೆಲ್ಲ ಕೆಡದಂತೆ ಕಾಯುವ ಉಪಾಯಗಳೇ. ಧಾರವಾಡಕ್ಕೆ ಬೇರೆ ಕೆಲಸವಿದ್ದರೆ ಹೋಗಿ, ಬರುವಾಗ ಪೇಡೆ ತನ್ನಿ. ಪೇಡೆಗಾಗಿಯೇ ಆರೇಳು ಗಂಟೆ ಕಾರಿನಲ್ಲಿ ಕೂರುವುದು ವ್ಯರ್ಥ. ಅದೇ ಧಾರವಾಡ, ಹುಬ್ಬಳ್ಳಿಗಳ ಗಿರ್ಮಿಟ್ ಮತ್ತು ಮಿರ್ಚಿ ಬಜ್ಜಿಯ ಮಾತು ಬೇರೆ. ಚುರಮುರಿಗೆ ಈರುಳ್ಳಿ, ಹುಣಸೆಯ ಒಗ್ಗರಣೆ ಬಿದ್ದ ಗಳಿಗೆಯಿಂದ ಅದು ಮೆತ್ತಗಾಗತೊಡಗುತ್ತದೆ. ಕಲಸಿದವರ ಎದುರಿಗೇ ನಿಂತು ಮುಗಿಸಬೇಕು. ಮಂಗಳೂರಿನ ಗೋಳಿಬಜೆ, ಕಾವಲಿಯಿಂದ ಆಗಷ್ಟೇ ಎತ್ತಿದ ನೀರುದೋಸೆಯೂ ಇದೇ ಪಂಗಡ. ಜೋಳದ ರೊಟ್ಟಿ ಎರಡೂ ಕಡೆ ಸಲ್ಲುತ್ತದೆ: ಖಡಕ್ ಆಗಿ ಒಣಗಿಸಿದರೆ ವಾರಗಟ್ಟಲೆ ಬಾಳುತ್ತದೆ, ಬಿಸಿ ರೊಟ್ಟಿಯ ರುಚಿ ಒಲೆಯ ಪಕ್ಕ ಕುಳಿತವರಿಗಷ್ಟೇ. ಎಳೆಯ ಜೋಳದ ತೆನೆಯನ್ನು ಹೊಲದಲ್ಲೇ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು ಕಾಳು ಬಿಡಿಸಿ ತಿನ್ನುವ ಸೀತನಿಯನ್ನಂತೂ ಯಾವ ಅಂಗಡಿಯೂ ತಲುಪಿಸಲಾರದು. ಅದಕ್ಕೆ ಊರಿನ ಜೊತೆಗೆ ಋತುವೂ ಬೇಕು. ಚಳಿಗಾಲದ ಕೆಲವೇ ವಾರ ಕಾಳು ಹಾಲುಗಟ್ಟಿದ ಹದದಲ್ಲಿರುತ್ತದೆ.

ಹೊತ್ತಿನ ಲೆಕ್ಕವೂ ಇಲ್ಲಿ ಸೇರುತ್ತದೆ. ಹೊಸಕೋಟೆಯ ಬಿರಿಯಾನಿ ಪಾರ್ಸೆಲ್‌ನಲ್ಲಿ ಪೂರ್ತಿ ಕೆಡುವ ವಸ್ತುವಲ್ಲ. ಕೆಲವು ಗಂಟೆ ತಾಳುತ್ತದೆ. ಆದರೂ ಜನ ನಸುಕಿನಲ್ಲೇ ಅಲ್ಲಿಗೆ ಹೋಗಿ ಸಾಲು ನಿಲ್ಲುವುದಕ್ಕೆ ಅರ್ಥವಿದೆ. ದಮ್ ಕಟ್ಟಿದ ಹಂಡೆಯ ಮುಚ್ಚಳ ತೆಗೆದ ಮೊದಲ ಹೊತ್ತಿನಲ್ಲಿ ಅನ್ನ ಉದುರುದುರಾಗಿ, ಮಾಂಸ ರಸಭರಿತವಾಗಿರುತ್ತದೆ. ಹಂಡೆ ಮತ್ತೆ ಮತ್ತೆ ತೆರೆದು ಮುಚ್ಚಿದಂತೆ ಮೇಲಿನದು ಒಣಗಿ ತಳದಲ್ಲಿ ಎಣ್ಣೆ ನಿಲ್ಲುತ್ತದೆ. ಎಂಟು ಗಂಟೆಗೆ ಎದ್ದು ಹತ್ತೂವರೆಗೆ ತಲುಪುವುದಾದರೆ ನಗರದಲ್ಲೇ ಎಲ್ಲಾದರೂ ತಿನ್ನುವುದು ಒಳ್ಳೆಯದು. ಕರಾವಳಿಯ ಮೀನಿಗೂ ಇಂಥದೇ ನಿಯಮ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆ ದಿನಗಳಲ್ಲಿ ನಾಡದೋಣಿಯವರು ತಂದಷ್ಟೇ ತಾಜಾ ಮೀನು. ಉಳಿದದ್ದು ಐಸಿನಲ್ಲಿಟ್ಟದ್ದು ಅಥವಾ ಬೇರೆ ಕರಾವಳಿಯಿಂದ ಬಂದದ್ದು. ಮಳೆಗಾಲದಲ್ಲಿ ಘಟ್ಟ ಇಳಿದು ಅಂಜಲ್ ತವಾ ಫ್ರೈಗಾಗಿ ಮಲ್ಪೆಗೆ ಓಡುವವರು ಬೆಂಗಳೂರಿನಲ್ಲಿ ಸಿಗುವಂಥದ್ದನ್ನೇ ನಾನೂರು ಕಿ.ಮೀ. ದೂರ ಹೋಗಿ ತಿಂದು ಬರುತ್ತಾರೆ. ಮಳೆ ನೋಡಲು ಹೋಗುವುದಿದ್ದರೆ ಖಂಡಿತ ಹೋಗಲಿ, ಮೀನಿನ ಹೆಸರು ಹೇಳುವುದು ಬೇಡ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ದಾವಣಗೆರೆ ಬೆಣ್ಣೆ ದೋಸೆಯ ಹೋಟೆಲುಗಳು ಈಗ ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ ಇವೆ, ತಟ್ಟೆ ಇಡ್ಲಿಯೂ ಇದೆ. ಪಾರ್ಸೆಲ್ ಆಗದಿದ್ದರೇನು, ಬಾಣಸಿಗರೇ ಕಾವಲಿ ಸಮೇತ ಬಂದಿದ್ದಾರಲ್ಲ ಎಂದು. ಈ ಮಾತನ್ನು ಒಪ್ಪಲೇಬೇಕು. ತಿನಿಸು ಊರಿನ ಹೆಸರಿಗೆ ಅಂಟಿಕೊಂಡಿಲ್ಲ, ಒಲೆಗೆ ಅಂಟಿಕೊಂಡಿದೆ. ಮಂಡಕ್ಕಿ ಸೇರಿಸಿ ರುಬ್ಬಿದ ಹಿಟ್ಟು, ಧಾರಾಳ ಬೆಣ್ಣೆ, ಚೆನ್ನಾಗಿ ಕಾದ ದಪ್ಪ ಕಾವಲಿ, ಸಪ್ಪೆ ಆಲೂಗಡ್ಡೆ ಪಲ್ಯ, ಖಾರದ ಕಾಯಿ ಚಟ್ನಿ ಇವಿಷ್ಟೂ ನಿಮ್ಮ ಬೀದಿಯಲ್ಲೇ ಸರಿಯಾಗಿ ಕೂಡಿಬಂದಿದ್ದರೆ 260 ಕಿ.ಮೀ. ಹೋಗಲು ಕಾರಣವಿಲ್ಲ. ಹೋಗಿಬರುವ 520 ಕಿ.ಮೀ.ಗೆ ಲೀಟರಿಗೆ 15 ಕಿ.ಮೀ. ಲೆಕ್ಕದಲ್ಲಿ ಸುಮಾರು 35 ಲೀಟರ್ ಪೆಟ್ರೋಲ್ ಸುಡಬೇಕು. ಲೀಟರಿಗೆ ನೂರು ರೂಪಾಯಿ ಹಿಡಿದರೂ ಮೂರೂವರೆ ಸಾವಿರ, ಟೋಲ್ ಬೇರೆ. ಆದರೆ ಕೂಡಿಬರುವುದು ಅಪರೂಪ ಎನ್ನುವುದೂ ಅಷ್ಟೇ ನಿಜ. ಮೂಲದ ಹೋಟೆಲುಗಳಲ್ಲಿ ಸೌದೆ ಒಲೆ ಇನ್ನೂ ಉರಿಯುತ್ತದೆ, ನಗರದ ಶಾಖೆಯಲ್ಲಿ ಗ್ಯಾಸ್. ಅದಕ್ಕಿಂತ ಮುಖ್ಯವಾಗಿ, ಒಂದೇ ತಿನಿಸು ಮಾಡುವ ಹೋಟೆಲಿನಲ್ಲಿ ಹಿಟ್ಟು ಅಂದೇ ಮುಗಿಯುತ್ತದೆ, ಚಟ್ನಿ ಮತ್ತೆ ಮತ್ತೆ ರುಬ್ಬಲ್ಪಡುತ್ತದೆ. ಗೋಬಿ ಮಂಚೂರಿಯಿಂದ ಪನೀರ್ ಬಟರ್ ಮಸಾಲಾವರೆಗೆ ಉದ್ದನೆಯ ಮೆನು ಇಟ್ಟ ಕಡೆ ಬೆಣ್ಣೆ ದೋಸೆ ಹತ್ತರಲ್ಲಿ ಹನ್ನೊಂದು. ಊರು ಯಾವುದೇ ಇರಲಿ, ಗೋಡೆಯ ಮೇಲಿನ ತಿಂಡಿಪಟ್ಟಿ ಚಿಕ್ಕದಾಗಿರುವ ಕಡೆ ಕುಳಿತವರಿಗೆ ಸೋಲು ಕಡಿಮೆ.

ಎರಡನೆಯ ಆಕ್ಷೇಪ ಇನ್ನೂ ಆಳದ್ದು: ತಿಂಡಿ ನೆಪ ಮಾತ್ರ, ಹೋಗುವುದು ಜೊತೆಯವರಿಗಾಗಿ, ಹರಟೆಗೆ ಯಾವ ಹೋಟೆಲ್ ಆದರೇನು? ನೆಪ ಎಂಬುದನ್ನು ಒಪ್ಪೋಣ. ಆದರೆ ನೆಪ ಹೇಗಿದೆಯೋ ಹರಟೆಯೂ ಹಾಗೆಯೇ ಆಗುತ್ತದೆ. ಕಚೇರಿಯ ‘ಟೀಮ್ ಔಟಿಂಗ್’ ಎಂಬ ಪದ್ಧತಿಯನ್ನೇ ನೋಡಿ. ನಲವತ್ತು ಜನ ಬಸ್ಸು ಹತ್ತಿ ರೆಸಾರ್ಟಿಗೆ ಹೋಗುತ್ತಾರೆ. ನಲವತ್ತು ಜನರಿಗೆ ಒಮ್ಮೆಲೇ ಬಡಿಸಬೇಕೆಂದರೆ ಬಫೆ ಬಿಟ್ಟರೆ ಗತಿಯಿಲ್ಲ. ಬಫೆಯಲ್ಲಿ ಇಡಬಹುದಾದದ್ದು ಎರಡು ಗಂಟೆ ಬಿಸಿ ತಟ್ಟೆಯ ಮೇಲೆ ಕಾಯಬಲ್ಲ ಆಹಾರ ಮಾತ್ರ. ಅಂದರೆ ವ್ಯಾನಿನಲ್ಲಿ ಕಚೇರಿಗೇ ತರಿಸಬಹುದಾಗಿದ್ದ ಊಟ. ಊಟ ಅದೇ ಆದಾಗ ಕೂರುವ ಕ್ರಮವೂ ಅದೇ: ಕ್ಯಾಂಟೀನಿನಲ್ಲಿ ಯಾರು ಯಾರ ಜೊತೆ ಕೂರುತ್ತಾರೋ ರೆಸಾರ್ಟಿನಲ್ಲೂ ಹಾಗೆಯೇ ಗುಂಪು ಕಟ್ಟುತ್ತಾರೆ, ಮ್ಯಾನೇಜರ್ ಮೇಜು ಪ್ರತ್ಯೇಕ. ಎದುರಿನ ಕಾವಲಿಯಿಂದ ಸರದಿಯಲ್ಲಿ ಬರುವ ದೋಸೆಗೆ ಈ ಶಿಸ್ತು ಗೊತ್ತಿಲ್ಲ. ಮೊದಲು ಬಂದ ತಟ್ಟೆ ಯಾರಿಗೆ ಎಂಬ ಚೌಕಾಶಿ ನಡೆಯುತ್ತದೆ, ಒಂದನ್ನು ನಾಲ್ವರು ಹರಿದು ಹಂಚಿಕೊಳ್ಳುತ್ತಾರೆ, ಎರಡನೆಯದು ಬರುವ ತನಕ ಮಾತಾಡದೆ ಬೇರೆ ದಾರಿಯಿಲ್ಲ. ಕಾಯುವಿಕೆಯೇ ಇಲ್ಲಿ ಹರಟೆಗೆ ಜಾಗ ಮಾಡಿಕೊಡುತ್ತದೆ. ಆದ್ದರಿಂದ ಗುಂಪಿನ ಗಾತ್ರವನ್ನು ನಿರ್ಧರಿಸಬೇಕಾದದ್ದು ಬಸ್ಸಿನ ಸೀಟುಗಳಲ್ಲ, ಕಾವಲಿಯ ಅಗಲ. ನಾಲ್ಕೈದು ಜನ ಚೆನ್ನ. ಹತ್ತು ದಾಟಿದರೆ ಎರಡು ಗುಂಪಾಗಿ ಎರಡು ಹೋಟೆಲಿಗೆ ಹೋಗಿ, ಕಾಫಿಗೆ ಒಂದೆಡೆ ಸೇರಿದರಾಯಿತು.

ಎಲ್ಲರೂ ಎಲ್ಲವನ್ನೂ ತಿನ್ನುವುದಿಲ್ಲ ಎಂಬ ತೊಡಕು ನಮ್ಮಲ್ಲಿ ಸಣ್ಣದಲ್ಲ. ಸೋಮವಾರ, ಶನಿವಾರ ಮಾಂಸ ಮುಟ್ಟದವರು, ಶ್ರಾವಣ ಹಿಡಿಯುವವರು, ಮೊಟ್ಟೆಯ ವಾಸನೆಯೂ ಆಗದವರು, ಬಿರಿಯಾನಿ ಇಲ್ಲದೆ ಪ್ರವಾಸವೇ ಅಲ್ಲ ಎನ್ನುವವರು ಒಂದೇ ಕಾರಿನಲ್ಲಿರುತ್ತಾರೆ. ಇದಕ್ಕೆ ಪರಿಹಾರವೆಂದು ‘ವೆಜ್–ನಾನ್‌ವೆಜ್’ ಎರಡೂ ಸಿಗುವ ಹೆದ್ದಾರಿ ಹೋಟೆಲಿಗೆ ನುಗ್ಗುವುದುಂಟು. ಅಲ್ಲಿ ಎರಡೂ ಚೆನ್ನಾಗಿರುವುದು ಅಪರೂಪ. ಊರನ್ನು ಒಟ್ಟಿಗೆ ಆರಿಸಿ, ಹೋಟೆಲನ್ನು ಬೇರೆ ಬೇರೆ ಆರಿಸಿದರೆ ಯಾರೂ ಯಾರಿಗಾಗಿಯೂ ತ್ಯಾಗ ಮಾಡಬೇಕಿಲ್ಲ. ಸಣ್ಣ ಪಟ್ಟಣದಲ್ಲಿ ಮಿಲಿಟರಿ ಹೋಟೆಲಿಗೂ ಇಡ್ಲಿ ಹೋಟೆಲಿಗೂ ನಡುವೆ ಇರುವುದು ಹೆಚ್ಚೆಂದರೆ ಒಂದು ಬೀದಿ. ದುಡ್ಡಿನ ವಿಷಯದಲ್ಲೂ ಸಣ್ಣ ಹೋಟೆಲು ನ್ಯಾಯವಾಗಿದೆ. ರೆಸಾರ್ಟಿನ ಬಿಲ್ಲನ್ನು ಸಮಪಾಲು ಮಾಡಿದಾಗ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಬಾಯಿಬಿಡದೆ ನಲುಗುತ್ತಾನೆ. ತಟ್ಟೆ ಇಡ್ಲಿಯ ಬಿಲ್ಲನ್ನು ಯಾರು ಕೊಟ್ಟರೂ ಯಾರಿಗೂ ಭಾರವಾಗುವುದಿಲ್ಲ. ಬಾಡಿಗೆ ಕಾರಿನಲ್ಲಿ ಹೋದರೆ ಚಾಲಕನೂ ಅದೇ ಮೇಜಿಗೆ ಬರಬೇಕು ಎಂದು ಬಿಡಿಸಿ ಹೇಳಬೇಕಾಗಿ ಬರುವುದೇ ನಾಚಿಕೆಯ ಸಂಗತಿ.

ಕೊನೆಯದಾಗಿ ರಸ್ತೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಸುಮಾರು 118 ಕಿ.ಮೀ. ಉದ್ದಕ್ಕೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬಳಸಿಕೊಂಡು ಹೋಗುತ್ತದೆ. ಮೈಸೂರಿಗೆ ಕೆಲಸದ ಮೇಲೆ ಹೋಗುವವರಿಗೆ ಅದು ವರವೇ. ಊರೊಳಗಿನ ಲಾರಿಗಳ ದಟ್ಟಣೆಯೂ ಇಳಿದಿದೆ. ಆದರೆ ತಿನ್ನಲೆಂದೇ ಹೊರಟವರು ತಿಂಡಿಯ ಊರುಗಳನ್ನೆಲ್ಲ ಗಂಟೆಗೆ ನೂರರ ವೇಗದಲ್ಲಿ ಹಿಂದಿಕ್ಕಿ, ಎಲ್ಲೂ ಇಳಿಯದೆ ಹೋಗುವುದು ವಿಚಿತ್ರ. ಅದೇ ವರ್ಷದ ಆಗಸ್ಟ್ 1ರಿಂದ ಈ ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ. ಪಕ್ಕದ ರಸ್ತೆಗೆ ಇಳಿಯಬೇಕಾದ ಬೈಕ್ ಸವಾರರಿಗೆ ಹೋಟೆಲುಗಳು ಹತ್ತಿರ ಉಳಿದವು, ಕಾರಿನವರಿಗೆ ದೂರವಾದವು. ಹಳೆಯ ರಸ್ತೆ ನಿಧಾನ, ಉಬ್ಬುಗಳು ಜಾಸ್ತಿ ಎಂಬ ದೂರು ಸರಿಯೇ. ತಿಂಡಿಗೆ ಹೊರಟವರಿಗೆ ಮಾತ್ರ ಅದು ದೂರಾಗಬಾರದು. ಹೋಗುವಾಗ ಊರೊಳಗಿನ ದಾರಿ, ಹೊಟ್ಟೆ ತುಂಬಿದ ಮೇಲೆ ಮರಳಲು ದಶಪಥ: ಎರಡಕ್ಕೂ ನ್ಯಾಯ.

ಊಟದ ಬಳಿಗೆ ಜನ ಗುಂಪುಗೂಡಿ ಹೋಗುವುದು ಈ ನಾಡಿಗೆ ಐಟಿ ಕಂಪನಿಗಳು ಕಲಿಸಿದ ಹವ್ಯಾಸವೇನಲ್ಲ. ಬುತ್ತಿ ಕಟ್ಟಿಕೊಂಡು ಹೋಗುವುದು ನಮ್ಮ ಒಂದು ಸಂಪ್ರದಾಯವಾದರೆ, ಬೆಳೆಯ ನಡುವೆಯೇ ಕುಳಿತು ಉಣ್ಣುವುದು ಇನ್ನೊಂದು. ಎಳ್ಳ ಅಮಾವಾಸ್ಯೆಯಂದು ಬೀದರ್, ಕಲಬುರಗಿ, ವಿಜಯಪುರದ ಕಡೆ ಮನೆಮಂದಿ, ಬಂಧುಗಳು, ಗೆಳೆಯರು ಬಂಡಿ, ಟ್ರ್ಯಾಕ್ಟರ್ ಹತ್ತಿ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಹೋಳಿಗೆ ಉಂಡು ಬರುತ್ತಾರೆ. ನಿಂತ ಜೋಳದ ಬೆಳೆಯ ಮಧ್ಯೆ, ಊರಿಗೆ ಊರೇ ಹೊಲದಲ್ಲಿರುವ ಆ ಮಧ್ಯಾಹ್ನದ ಊಟವನ್ನು ಯಾವ ಆ್ಯಪ್‌ನಲ್ಲೂ ತರಿಸಲು ಬಾರದು. ಅಮಾವಾಸ್ಯೆ ಡಿಸೆಂಬರ್ ಅಥವಾ ಜನವರಿಯಲ್ಲಿ ಬರುತ್ತದೆ. ನಿಮ್ಮ ಕಚೇರಿಯಲ್ಲಿ ಆ ಕಡೆಯ ಸಹೋದ್ಯೋಗಿ ಒಬ್ಬರಾದರೂ ಇದ್ದೇ ಇರುತ್ತಾರೆ. ಈ ವರ್ಷದ ರೆಸಾರ್ಟ್ ರದ್ದು ಮಾಡಿ, ಒಂದು ಕಾರಿಗೆ ಹಿಡಿಸುವಷ್ಟು ಜನ ಅವರ ಹೊಲಕ್ಕೆ ಹೋಗಬಹುದೇ ಎಂದು ಈಗಲೇ ಕೇಳಿಡಿ.