ಮಡಿಲಲ್ಲಿ ಕೂತು ನೋಡುವ ದೆವ್ವ

ಹೋದ ವರ್ಷದ ದಸರಾ ರಜೆ. ಬೆಂಗಳೂರಿನ ಬಾಪೂಜಿನಗರದ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿ ದೊಡ್ಡವರೆಲ್ಲ ಟಿ.ವಿ.ಯಲ್ಲಿ ‘ಆಪ್ತಮಿತ್ರ’ ನೋಡುತ್ತಾ ಕೂತಿದ್ದೆವು. ಐದು ವರ್ಷದ ಮೊಮ್ಮಗಳು ಚಾಪೆಯ ಮೇಲೆ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಅವಳ ಗಮನ ಇತ್ತ ಇಲ್ಲ ಅಂದುಕೊಂಡೆವು. ಅವತ್ತಿನಿಂದ ಹದಿನೈದು ದಿನ ಅವಳು ಒಬ್ಬಳೇ ಬಚ್ಚಲಿಗೆ ಹೋಗಲಿಲ್ಲ. ಎಲ್ಲಾದರೂ ಗೆಜ್ಜೆ ಸದ್ದಾದರೆ ಓಡಿ ಬಂದು ನನ್ನ ಸೆರಗು ಹಿಡಿಯುತ್ತಿದ್ದಳು. “ಅದು ದೆವ್ವ ಅಲ್ಲ ಕಂದಾ, ಆ ಅಕ್ಕಂಗೆ ಹುಷಾರಿರ್ಲಿಲ್ಲ, ಡಾಕ್ಟ್ರು ವಾಸಿ ಮಾಡಿದ್ರು” ಅಂತ ಹೇಳಿದಾಗಲೆಲ್ಲ “ಹೂಂ ಅಜ್ಜಿ” ಅನ್ನುತ್ತಿದ್ದಳು. ಸೆರಗು ಮಾತ್ರ ಬಿಡುತ್ತಿರಲಿಲ್ಲ.

ಪಿ. ವಾಸು ನಿರ್ದೇಶನದ ಈ ಚಿತ್ರ 2004ರದು. 1993ರ ಮಲಯಾಳಂನ ‘ಮಣಿಚಿತ್ರತಾಳ್’ ಇದರ ಮೂಲ. ಸೌಂದರ್ಯ ಅವರ ನಾಗವಲ್ಲಿ ಪಾತ್ರವನ್ನು ನಾನು ಈಗಲೂ ಮೆಚ್ಚುತ್ತೇನೆ. ಗಮನಿಸಬೇಕಾದ ಸಂಗತಿಯೆಂದರೆ, ಅದರಲ್ಲಿ ನಾಯಕಿಯನ್ನು ಕಾಡುವುದು ಕಾಯಿಲೆ, ದೆವ್ವವಲ್ಲ. ಹಾಗೆಂದು ವಿಷ್ಣುವರ್ಧನ್ ಅವರ ಡಾಕ್ಟರ್ ಪಾತ್ರ ಬಿಡಿಸಿ ಹೇಳುತ್ತದೆ. ಆದರೆ ಆ ವಿವರಣೆ ಬರುವುದು ಮಾತಿನಲ್ಲಿ. ಹೆದರಿಕೆ ಬರುವುದು ಕೆದರಿದ ಕೂದಲು, ಅಗಲಿಸಿದ ಕಣ್ಣು, ಕತ್ತಲ ಕೋಣೆಯ ಗೆಜ್ಜೆಯಲ್ಲಿ. ದೊಡ್ಡವರು ಎರಡನ್ನೂ ತೂಗಿ ನೋಡಿ ನೆಮ್ಮದಿಯಾಗಿ ಏಳುತ್ತಾರೆ. ಐದು ವರ್ಷದ ಮಗುವಿನ ಮನಸ್ಸಿನಲ್ಲಿ ಕಣ್ಣು, ಗೆಜ್ಜೆ ಉಳಿಯುತ್ತವೆ, ಮಾತು ಜಾರಿಹೋಗುತ್ತದೆ.

ಇದು ನಮ್ಮ ಮನೆಯ ಮಗುವಿನದಷ್ಟೇ ಕಥೆಯಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೋಆನ್ ಕ್ಯಾಂಟರ್, ಮಕ್ಕಳು ಪರದೆ ನೋಡಿ ಹೆದರುವ ಬಗೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು. ‘ಇನ್‌ಕ್ರೆಡಿಬಲ್ ಹಲ್ಕ್’ ಧಾರಾವಾಹಿಯಲ್ಲಿ ಸಾಧು ಮನುಷ್ಯನೊಬ್ಬ ಹಸಿರು ದೈತ್ಯನಾಗಿ ಬದಲಾಗುತ್ತಾನೆ. ಅವನು ಒಳ್ಳೆಯವನು, ಕಾಪಾಡುವವನು. ಆದರೂ ಕ್ಯಾಂಟರ್ ಗಮನಿಸಿದಂತೆ, ಶಾಲೆಗೆ ಸೇರದ ವಯಸ್ಸಿನ ಮಕ್ಕಳು ಅವನು ಬದಲಾಗುವ ಗಳಿಗೆಯಲ್ಲೇ ಹೆದರುತ್ತಿದ್ದರು. ಚಿಕ್ಕವರು ರೂಪಕ್ಕೆ ಹೆದರುತ್ತಾರೆ, ಉದ್ದೇಶವನ್ನು ಅಳೆಯುವುದು ಬೆಳೆದ ಮೇಲೆ. ಅವರನ್ನು ಸಂತೈಸಲು ವಿವರಣೆಗಿಂತ ತಬ್ಬುವ ಕೈ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದನ್ನೂ ಕ್ಯಾಂಟರ್ ಕಂಡರು. ನನ್ನ ಸೆರಗು ಮಾಡಿದ್ದು ಅದೇ ಕೆಲಸ.

ಈಗ ಅಕ್ಟೋಬರ್ ಬಂದರೆ ನಮ್ಮ ಕಡೆಯ ಅಂಗಡಿಗಳಲ್ಲೂ ತಲೆಬುರುಡೆಯ ಮುಖವಾಡ ತೂಗುತ್ತವೆ. ಮಕ್ಕಳಿಗೆ ದೆವ್ವದ ವೇಷ ಹಾಕಿ ಕಳಿಸಿ ಎಂದು ಶಿಶುವಿಹಾರಗಳಿಂದ ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ಬರುತ್ತದೆ. ಇದಕ್ಕೆ ನನ್ನ ತಕರಾರಿಲ್ಲ. ಮಕ್ಕಳಿಗೆ ಸ್ವಲ್ಪ ಹೆದರಿಕೆ ಬೇಕು, ಅವರೇ ಕೇಳಿ ಪಡೆಯುತ್ತಾರೆ. ಕಣ್ಣಾಮುಚ್ಚಾಲೆಯ ಸುಖವೂ ಅದೇ. ನನ್ನ ತಕರಾರಿರುವುದು ಹೆದರಿಕೆಯ ಲಗಾಮು ಯಾರ ಕೈಯಲ್ಲಿದೆ ಎಂಬುದರ ಬಗ್ಗೆ. ಊಟ ಮಾಡದಿದ್ದರೆ ಗೊಗ್ಗಯ್ಯ ಬರ್ತಾನೆ, ನಿದ್ದೆ ಮಾಡದಿದ್ದರೆ ಗುಮ್ಮ ಬರ್ತಾನೆ ಎಂದು ತಲೆಮಾರುಗಳಿಂದ ಲಗಾಮನ್ನು ನಾವು ದೊಡ್ಡವರೇ ಹಿಡಿದಿದ್ದೇವೆ. ಒಳ್ಳೆಯ ಮಕ್ಕಳ ಸಿನಿಮಾ ಅದನ್ನು ಮಗುವಿನ ಕೈಗೆ ಕೊಡುತ್ತದೆ.

ಹಯಾವೊ ಮಿಯಾಜಾಕಿಯ ‘ಮೈ ನೇಬರ್ ಟೊಟೊರೊ’ (1988) ಇದನ್ನು ಮಾಡುವ ರೀತಿ ನೋಡಿ. ಹಳ್ಳಿಯ ಹಳೇ ಮನೆಗೆ ಬಂದ ಅಕ್ಕತಂಗಿಯರಿಗೆ ಕತ್ತಲಲ್ಲಿ ಮಸಿಯ ಪುಟ್ಟ ಉಂಡೆಗಳು ಸರಸರನೆ ಓಡುವುದು ಕಾಣುತ್ತದೆ. ಅಪ್ಪ ಗದರುವುದಿಲ್ಲ, ಅದೆಲ್ಲ ಸುಳ್ಳು ಅನ್ನುವುದೂ ಇಲ್ಲ. ರಾತ್ರಿ ಗಾಳಿಗೆ ಮನೆಯೆಲ್ಲ ನಡುಗುವಾಗ ಬಚ್ಚಲ ತೊಟ್ಟಿಯಲ್ಲಿ ಕೂತು ಮೂವರೂ ಗಟ್ಟಿಯಾಗಿ ನಗುತ್ತಾರೆ. ಮಸಿಯುಂಡೆಗಳು ಮನೆ ಬಿಟ್ಟು ಹೊರಡುತ್ತವೆ. ಪರಿಹಾರ ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ, ಮಗು ಅದನ್ನು ಮನೆಯಲ್ಲೂ ಮಾಡಬಹುದು. ನಮ್ಮ ಮೊಮ್ಮಗಳು ಮತ್ತೆ ಒಬ್ಬಳೇ ಬಚ್ಚಲಿಗೆ ಹೋಗಲು ಶುರುಮಾಡಿದ್ದು ಈ ಸಿನಿಮಾ ನೋಡಿದ ಮೇಲೆ, ಬಾಗಿಲಲ್ಲಿ ನಿಂತು ಹ್ಹಹ್ಹಹ್ಹ ಎಂದು ನಕ್ಕು. ಒಂದು ಎಚ್ಚರಿಕೆ: ಈ ಚಿತ್ರದ ನಿಜವಾದ ಭಯ ಟೊಟೊರೊ ಅಲ್ಲ, ಆಸ್ಪತ್ರೆಯಲ್ಲಿರುವ ಅಮ್ಮ. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದಿದ್ದರೆ ಇದನ್ನು ಮುಂದಕ್ಕೆ ಹಾಕಿ.

ನಮ್ಮವೇ ಬೇಕೆಂದರೆ ಮೊದಲು ನೆನಪಾಗುವುದು ಕೆ.ವಿ. ರೆಡ್ಡಿಯವರ ‘ಮಾಯಾ ಬಜಾರ್’ (1957). ಎಸ್.ವಿ. ರಂಗಾರಾವ್ ಅವರ ಘಟೋತ್ಕಚ ಗದೆ ಹೊತ್ತು ಅಬ್ಬರಿಸುತ್ತಾನೆ, ಮೀಸೆ ತಿರುವುತ್ತಾನೆ. ಆದರೆ ಅವನು ಅಭಿಮನ್ಯುವಿಗೆ ಅಣ್ಣ, ಮನೆಯವನು. ಮದುವೆಗೆ ಮಾಡಿಟ್ಟ ಲಾಡು, ಭಕ್ಷ್ಯಗಳನ್ನೆಲ್ಲ ಬಾಯಿಗೆ ಸುರಿದುಕೊಳ್ಳುವ ರಾಕ್ಷಸನನ್ನು ಕಂಡು ಹೆದರಿದ ಮಗುವನ್ನು ನಾನು ನೋಡಿಲ್ಲ. ಆಮೇಲೆ ಅವನು ಶಶಿರೇಖೆಯ ರೂಪ ತಾಳುತ್ತಾನೆ. ಸಾವಿತ್ರಿ ರಾಕ್ಷಸನ ಠೀವಿಯಲ್ಲಿ ನಡೆಯುವುದನ್ನು ನೋಡುತ್ತಾ ಮಗು ಒಂದು ದೊಡ್ಡ ವಿಷಯ ಕಲಿಯುತ್ತದೆ: ರೂಪ ಬೇರೆ, ಒಳಗಿರುವವನು ಬೇರೆ. ಹಲ್ಕ್‌ನ ಮುಂದೆ ಕೂತ ಮಕ್ಕಳಿಗೆ ಹೊಳೆಯದೇ ಇದ್ದದ್ದು ಇಲ್ಲಿ ನಗುನಗುತ್ತಾ ಹೊಳೆಯುತ್ತದೆ. ಭಾಷೆ ತೆಲುಗು ಎಂಬುದು ಅಡ್ಡಿಯಲ್ಲ. ಪಕ್ಕದಲ್ಲಿ ಕೂತ ಅಜ್ಜಿ ಕಥೆ ಹೇಳಿದರೆ ಸಾಕು. ನಾಲ್ಕೈದು ವರ್ಷದವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಸತ್ಯಜಿತ್ ರಾಯ್ ಅವರ ‘ಗೂಪಿ ಗಾಯಿನ್ ಬಾಘಾ ಬಾಯಿನ್’ (1969) ಮಗ ಸಂದೀಪನ ಬೇಡಿಕೆಗೆ ಮಾಡಿದ ಚಿತ್ರ, ಕಥೆ ಅವರ ಅಜ್ಜ ಉಪೇಂದ್ರಕಿಶೋರರದು. ಅದರಲ್ಲಿ ಆರು ನಿಮಿಷಕ್ಕೂ ಹೆಚ್ಚು ಹೊತ್ತಿನ ಭೂತನೃತ್ಯವಿದೆ. ರಾಜಭೂತ, ರೈತಭೂತ, ಸಾಹೇಬಭೂತ, ಡೊಳ್ಳುಹೊಟ್ಟೆಯ ಭೂತ ಸಾಲುಸಾಲಾಗಿ ಕುಣಿಯುತ್ತವೆ. ಹಿನ್ನೆಲೆಯಲ್ಲಿ ಒಂದು ಮಾತೂ ಇಲ್ಲ, ಬರೀ ತಾಳವಾದ್ಯ: ಮೃದಂಗ, ಘಟ, ಖಂಜಿರ, ಮೋರ್ಸಿಂಗ್. ಬಂಗಾಳದ ಕಾಡಿನ ದೆವ್ವಗಳು ಕುಣಿಯುವುದು ನಮ್ಮ ರಾಮೋತ್ಸವದ ಕಚೇರಿಯ ನಾದಕ್ಕೆ! ಚಿತ್ರ ಎರಡು ಗಂಟೆಗೂ ಹೆಚ್ಚಿದೆ, ಪುಟ್ಟ ಮಕ್ಕಳು ಅಷ್ಟು ಹೊತ್ತು ಕೂರುವುದಿಲ್ಲ. ಭೂತರಾಜ ಮೂರು ವರ ಕೊಡುವವರೆಗೆ ತೋರಿಸಿ ನಿಲ್ಲಿಸಿ.

ವಿಶಾಲ್ ಭಾರದ್ವಾಜ್ ಅವರ ‘ಮಕ್ಡೀ’ (2002) ಬಗ್ಗೆ ನನ್ನ ಅಭಿಪ್ರಾಯ ಬೇರೆ. ಜಾಣತನದ ಚಿತ್ರ; ಮಾಟಗಾತಿಯ ಮೋಸವನ್ನು ಬಯಲಿಗೆಳೆಯುವವಳು ಪುಟ್ಟ ಹುಡುಗಿ. ಆದರೆ ಶಬಾನಾ ಆಜ್ಮಿಯವರ ಆ ಮುಖ ನಾಗವಲ್ಲಿಯ ಮುಖದಷ್ಟೇ ಗಟ್ಟಿಯಾಗಿ ಮನಸ್ಸಿನಲ್ಲಿ ಕೂರುತ್ತದೆ. ಎಂಟು ವರ್ಷಕ್ಕೆ ಮೊದಲು ಬೇಡ. ‘ಕೊರಲೈನ್’ (2009) ಅನಿಮೇಷನ್ ಎಂದ ಮಾತ್ರಕ್ಕೆ ಮಕ್ಕಳದೆಂದು ತಿಳಿಯಬೇಡಿ. ಕಣ್ಣಿಗೆ ಗುಂಡಿ ಹೊಲಿದುಕೊಂಡ ಅಮ್ಮ ಪುಟ್ಟ ಮಗುವಿಗೆ ಎಂದೂ ಬೇಡ.

‘ಕೊಕೊ’ (2017) ಬಗ್ಗೆ ಹೇಳಲೇಬೇಕು, ಏಕೆಂದರೆ ಅದು ನಮ್ಮ ಮಹಾಲಯ ಅಮಾವಾಸ್ಯೆಯ ಚಿತ್ರ. ಮೆಕ್ಸಿಕೋದವರು ಹಿರಿಯರ ಫೋಟೋ ಇಟ್ಟು, ಹೂ ಹರಡಿ, ಅವರಿಗಿಷ್ಟವಾದ ತಿಂಡಿ ಬಡಿಸಿ ಕಾಯುತ್ತಾರೆ. ಮೈಸೂರು ರಸ್ತೆಯುದ್ದಕ್ಕೂ ಮಂಡ್ಯ, ರಾಮನಗರದ ಕಡೆಯಿಂದ ಬಂದು ನೆಲೆಸಿದ ಮನೆಗಳಲ್ಲಿ ಪಿತೃಪಕ್ಷಕ್ಕೆ ಎಡೆ ಇಡುವುದೂ ಹೀಗೆಯೇ. ಸತ್ತವರು ಹೆದರಿಸಲು ಬರುವುದಿಲ್ಲ, ಉಣ್ಣಲು ಬರುತ್ತಾರೆ. ಇದನ್ನು ಇಷ್ಟು ಬೆಚ್ಚಗೆ ಹೇಳಿದ ಮಕ್ಕಳ ಚಿತ್ರ ಇನ್ನೊಂದಿಲ್ಲ. ವಿಷವಿಕ್ಕಿದ ಪ್ರಸಂಗವೊಂದು ನಡುವೆ ಬರುತ್ತದೆ. ಆರು ದಾಟಿದ ಮಕ್ಕಳಿಗಾದರೆ ಪಕ್ಕದಲ್ಲಿ ಕೂತು ತೋರಿಸಬಹುದು.

ಚಿತ್ರದ ಸೆನ್ಸಾರ್ ಪ್ರಮಾಣಪತ್ರವನ್ನೂ ನೋಡಿ. ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ನಂತರ ಯುಎ ದರ್ಜೆಯಲ್ಲಿ 7+, 13+, 16+ ಎಂಬ ಮೂರು ಮೆಟ್ಟಿಲುಗಳಿವೆ. ಅದು ದಾರಿ ತೋರಿಸುತ್ತದೆ, ಆದರೆ ನಿಮ್ಮ ಮಗು ಯಾವುದಕ್ಕೆ ಬೆಚ್ಚುತ್ತದೆ ಎಂಬುದು ಅದಕ್ಕೆ ತಿಳಿಯದು. ಮೊದಲು ನೀವೊಬ್ಬರೇ ನೋಡಿ. ದೀಪ ಆರಿಸಬೇಡಿ. ಸಾಕು ಅಂದ ಕೂಡಲೇ ನಿಲ್ಲಿಸಿ, ಆ ಮಾತು ಮಗುವಿನದೇ ಆಗಿರಲಿ.

ಪಟ್ಟಿಯಲ್ಲಿ ಒಂದೂ ಕನ್ನಡ ಚಿತ್ರವಿಲ್ಲದಿರುವುದು ನನ್ನ ದೊಡ್ಡ ನೋವು. ನಮ್ಮಲ್ಲಿ ಕಥೆಗೆ ಬರವಿಲ್ಲ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿತ್ತು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹೋಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ಆಗಷ್ಟೇ ಅಕ್ಷರ ಕಲಿತ ಮಗು ಸೀಮೆಸುಣ್ಣದಿಂದ ಗೆಲ್ಲಬಹುದಾದ ದೆವ್ವ! ಇದರ ಎಳೆ ಹಿಡಿದು ಹಿಂದಿಯವರು 2018ರಲ್ಲಿ ‘ಸ್ತ್ರೀ’ ಮಾಡಿದರು, ಅದು ದೊಡ್ಡವರ ಚಿತ್ರವಾಯಿತು. ‘ಚಿನ್ನಾರಿ ಮುತ್ತ’, ‘ಕೊಟ್ರೇಶಿ ಕನಸು’ ಥರದ ಮಕ್ಕಳ ಚಿತ್ರ ಕೊಟ್ಟ ಕನ್ನಡಕ್ಕೆ ಮಕ್ಕಳ ಕಣ್ಣಿನಿಂದ ‘ನಾಳೆ ಬಾ’ ಮಾಡುವುದು ಕಷ್ಟವಲ್ಲ. ಸಿನಿಮಾ ಮಾಡುವ ಯುವಕರಲ್ಲಿ ಕೈಮುಗಿದು ಕೇಳುತ್ತೇನೆ: ಇಪ್ಪತ್ತು ನಿಮಿಷದ್ದಾದರೂ ಸಾಕು, ಮಾಡಿ. ನಮ್ಮ ಮನೆಯಲ್ಲಿ ನೋಡಲು ಒಬ್ಬಳು ಕಾಯುತ್ತಿದ್ದಾಳೆ.